ಹಳೇ ಬಂಗಲೆ ಮೇಲೆ ಕಟ್ಟೋದಾ, ಕೆಡವಿ ಕಟ್ಟೋದಾ? ಆವರಗೆರೆ ಮನೆ ಮಾಲೀಕರು ಮೊದಲು ಹಾಕಬೇಕಾದ ಲೆಕ್ಕ

ದಾವಣಗೆರೆ: ಹಳೇ ಪಿ.ಬಿ. ರಸ್ತೆಯಿಂದ ಆವರಗೆರೆ ಒಳಗೆ ಹೋದರೆ ಎರಡು ಥರದ ಮನೆಗಳು ಅಕ್ಕಪಕ್ಕದಲ್ಲೇ ಸಿಗುತ್ತವೆ. ಒಂದು, ಇತ್ತೀಚೆಗೆ ಎದ್ದ ಎರಡು–ಮೂರು ಅಂತಸ್ತಿನ ಆರ್‌ಸಿಸಿ ಮನೆ. ಇನ್ನೊಂದು, ಮುಂದೆ ಕಟ್ಟೆ, ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು, ಸುತ್ತ ಒಂದಿಷ್ಟು ಜಾಗ ಇರೋ ಹಳೇ ಕಾಲದ ಮನೆ. ಊರವರ ಬಾಯಲ್ಲಿ ಅದು "ಬಂಗಲೆ". ಅಪ್ಪನೋ ಅಜ್ಜನೋ ಕಟ್ಟಿದ್ದು. ಈಗ ಆ ಮನೆಗೆ ಸೊಸೆ ಬಂದಿದ್ದಾಳೆ, ಮೊಮ್ಮಕ್ಕಳು ಓದ್ತಿದ್ದಾರೆ, ರೂಮು ಸಾಲ್ತಿಲ್ಲ. ಕೆಲವರಿಗೆ ಮುಂದೆ ಒಂದು ಮಳಿಗೆ ಹಾಕಿ ಬಾಡಿಗೆ ಬಿಡೋ ಆಸೆ.

ಆಗ ಕೇಳೋ ಪ್ರಶ್ನೆ ಒಂದೇ: "ಮೇಲೆ ಎರಡು ರೂಮ್ ಎತ್ತಿಸಿದ್ರೆ ಎಷ್ಟಾಗುತ್ತೆ?" ಮೇಸ್ತ್ರಿ ಒಂದು ಚದರಕ್ಕೆ ಇಷ್ಟು ಅಂತ ಬಾಯಲ್ಲೇ ಹೇಳ್ತಾರೆ. ಚದರ ಅಂದ್ರೆ 100 ಚದರಡಿ. ಆ ದರವನ್ನ ಗುಣಿಸಿ ಬಂದ ಮೊತ್ತವೇ ಬಜೆಟ್ ಅಂದುಕೊಂಡು ಕೆಲಸ ಶುರುವಾಗುತ್ತೆ. ಲಿಂಟಲ್ ಮಟ್ಟಕ್ಕೆ ಬರೋಷ್ಟರಲ್ಲಿ ದುಡ್ಡು ಮುಗಿದು, ಕಂಬಿ ಆಕಾಶಕ್ಕೆ ಮುಖ ಮಾಡಿ ನಿಂತ ಮನೆಗಳು ಯಾವ ಬಡಾವಣೆಯಲ್ಲಾದ್ರೂ ಸಿಗ್ತವೆ.

ಹಳೇ ಮನೆ ದೊಡ್ಡದು ಮಾಡೋದು ಖಾಲಿ ಸೈಟಲ್ಲಿ ಹೊಸ ಮನೆ ಕಟ್ಟಿದಂಗಲ್ಲ. ಇಲ್ಲಿ ಮೂರು ವಿಷಯ ಮೊದಲೇ ಗೊತ್ತಾಗಬೇಕು: ಮನೆ ಯಾರ ಹೆಸರಲ್ಲಿದೆ, ಗೋಡೆ ಎಷ್ಟು ಭಾರ ಹೊರುತ್ತೆ, ಕಟ್ಟೋ ಖರ್ಚಿನ ಹೊರಗೆ ಇನ್ನೆಷ್ಟು ಖರ್ಚಿದೆ. ಈ ಮೂರಕ್ಕೆ ಉತ್ತರ ಸಿಗೋವರೆಗೆ ಒಂದು ಲೋಡ್ ಮರಳೂ ಇಳಿಸಬಾರದು.

ಮನೆ ಯಾರದ್ದು? ಇಲ್ಲಿಂದಲೇ ಶುರು

ಹಳೇ ಮನೆಗಳ ಖಾತೆ ಬಹಳ ಸಲ ತೀರಿಕೊಂಡ ಅಜ್ಜನ ಹೆಸರಲ್ಲೋ ಅಪ್ಪನ ಹೆಸರಲ್ಲೋ ಉಳಿದಿರುತ್ತೆ. ಕಂದಾಯ ಮಾತ್ರ ದೊಡ್ಡ ಮಗ ಕಟ್ಟಿಕೊಂಡು ಬಂದಿರ್ತಾನೆ. ಕಂದಾಯ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ ಮನೆ ಅವನದ್ದಾಗಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಅಂದ್ರೆ ಹರಿಹರಕ್ಕೋ ಹೊನ್ನಾಳಿಗೋ ಮದುವೆಯಾಗಿ ಹೋದ ಅಕ್ಕತಂಗಿಯರೂ ಪಾಲುದಾರರೇ. ಅಪ್ಪನ ಸ್ವಯಾರ್ಜಿತ ಆಸ್ತಿ ಆಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ.

ಇದು ಬಜೆಟ್ ವಿಷಯ ಯಾಕೆ ಅಂದ್ರೆ, ಒಬ್ಬ ತಮ್ಮ ತನ್ನ ಉಳಿತಾಯ ಪೂರ್ತಿ ಜಂಟಿ ಮನೆ ಮೇಲೆ ಸುರಿದು ಮಹಡಿ ಎತ್ತಿಸಿದ ಮೇಲೆ ಪಾಲಿನ ದಾವೆ ಬಿದ್ದರೆ ಆ ದುಡ್ಡಿನ ಲೆಕ್ಕ ಕೋರ್ಟಲ್ಲಿ ಹೇಳಬೇಕಾಗುತ್ತೆ. ಬ್ಯಾಂಕೂ ಎಲ್ಲ ವಾರಸುದಾರರ ಸಹಿ ಇಲ್ಲದೆ ಸಾಲ ಕೊಡಲ್ಲ. ಅದಕ್ಕೆ ಮೊದಲು ವಂಶವೃಕ್ಷ, ನಂತರ ಮನೆಯವರೆಲ್ಲ ಕೂತು ಮಾತಾಡಿ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರವನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸೋದು, ಆಮೇಲೆ ಖಾತೆ ಬದಲಾವಣೆ. ಇಪ್ಪತ್ತು ರೂಪಾಯಿ ಛಾಪಾ ಕಾಗದದಲ್ಲಿ ಬರೆದಿಟ್ಟ ಮನೆಮಟ್ಟದ ಒಪ್ಪಂದ ಸಾಲದು.

ಪಾಲಿಕೆ ವ್ಯಾಪ್ತಿಯ ಆಸ್ತಿಗೆ ಇ-ಖಾತೆ ಮಾಡಿಸಿಕೊಳ್ಳೋದು ಈಗ ತಪ್ಪಿದ್ದಲ್ಲ. ನೋಂದಣಿಗೆ ಅದನ್ನೇ ಕೇಳ್ತಾರೆ. ಊರ ಹೊರಗಿನ ಗ್ರಾಮ ಪಂಚಾಯಿತಿ ಮನೆ ಆದ್ರೆ ಫಾರಂ 9 ಮತ್ತು 11 ಬೇಕು. ಋಣಭಾರ ಪತ್ರ ಕಾವೇರಿ ಜಾಲತಾಣದಲ್ಲಿ ಸಿಗುತ್ತೆ. ಖಾತೆಯಲ್ಲಿರೋ ಅಳತೆಗೂ ಸ್ಥಳದಲ್ಲಿರೋ ಅಳತೆಗೂ ತಾಳೆ ಆಗುತ್ತಾ ಅಂತ ಟೇಪ್ ಹಿಡಿದು ನೋಡಿ. ಹಳೇ ಮನೆಗಳಲ್ಲಿ ಪಕ್ಕದವರ ಗೋಡೆ, ಗಲ್ಲಿ ಜಾಗ, ಚರಂಡಿ ಜಾಗ ಕಲೆಸಿಹೋಗಿರೋದು ಮಾಮೂಲು.

ಹೆಂಚಿನ ಗೋಡೆ ಮೇಲೆ ಆರ್‌ಸಿಸಿ: ಭಾರ ಎಷ್ಟು ಪಟ್ಟು?

"ಗೋಡೆ ಒಂದೂವರೆ ಅಡಿ ದಪ್ಪ ಐತಿ, ಆನೆ ನಿಂತ್ರೂ ಏನೂ ಆಗಲ್ಲ" ಅನ್ನೋ ಮಾತು ಎಲ್ಲ ಕಡೆ ಕೇಳುತ್ತೆ. ಲೆಕ್ಕ ಹಾಕಿ ನೋಡಿದರೆ ಬೇರೆ ಚಿತ್ರ ಸಿಗುತ್ತೆ.

ಮಂಗಳೂರು ಹೆಂಚಿನ ಮಾಡು ಒಂದು ಚದರಡಿಗೆ ಸುಮಾರು 6 ಕೆ.ಜಿ ಭಾರ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಒಂದು ಚದರಡಿಗೆ ಸುಮಾರು 30 ಕೆ.ಜಿ. ಅದರ ಮೇಲೆ ಗಾರೆ, ಟೈಲ್ಸ್ ಅಂತ ಇನ್ನೊಂದು 10 ಕೆ.ಜಿ. ವಾಸದ ಮನೆಯಲ್ಲಿ ಜನ, ಮಂಚ, ಬೀರು ಇತ್ಯಾದಿಗೆ ಅಂತ ಎಂಜಿನಿಯರ್‌ಗಳು ಹಿಡಿಯೋದು ಚದರ ಮೀಟರಿಗೆ ಸುಮಾರು 200 ಕೆ.ಜಿ, ಅಂದ್ರೆ ಚದರಡಿಗೆ ಸುಮಾರು 20 ಕೆ.ಜಿ. ಒಟ್ಟು 60 ಕೆ.ಜಿ ಆಯ್ತು.

ಹತ್ತು ಅಡಿ–ಹನ್ನೆರಡು ಅಡಿ ರೂಮ್ ಒಂದನ್ನೇ ತಗೊಳ್ಳಿ, 120 ಚದರಡಿ. ಹೆಂಚಿದ್ದಾಗ ಗೋಡೆಗಳ ಮೇಲೆ ಬೀಳ್ತಿದ್ದ ಭಾರ ಹೆಚ್ಚುಕಡಿಮೆ 720 ಕೆ.ಜಿ. ಸ್ಲ್ಯಾಬ್ ಹಾಕಿ ಮೇಲೆ ವಾಸ ಮಾಡಿದರೆ 7,200 ಕೆ.ಜಿ. ಹತ್ತು ಪಟ್ಟು. ಇದಕ್ಕೆ ಮಹಡಿಯ ಗೋಡೆ ಸೇರಿಲ್ಲ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಹತ್ತು ಅಡಿ ಎತ್ತರಕ್ಕೆ ಎದ್ದರೆ, ಉದ್ದದ ಪ್ರತಿ ಒಂದು ಅಡಿಗೆ ಎರಡೂ ಕಡೆ ಪ್ಲಾಸ್ಟರ್ ಸೇರಿ ಸುಮಾರು 250 ಕೆ.ಜಿ ತೂಗುತ್ತೆ. ಅದರ ಮೇಲೆ ಮತ್ತೊಂದು ಸ್ಲ್ಯಾಬ್, ನೀರಿನ ಟ್ಯಾಂಕ್. ಸಾವಿರ ಲೀಟರ್ ಟ್ಯಾಂಕ್ ತುಂಬಿದರೆ ಅದೊಂದೇ ಒಂದು ಟನ್.

ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ ದಪ್ಪ ಇರೋದು ಬಲ ಜಾಸ್ತಿ ಇದೆ ಅಂತಲ್ಲ. ಆ ಗಾರೆಗೆ ಬಲ ಕಡಿಮೆ, ಅದಕ್ಕೇ ದಪ್ಪ ಕಟ್ಟಿದ್ದು. ಒಣಗಿದಾಗ ಭಾರ ತಡೆಯುತ್ತೆ, ಮಳೆನೀರು ಒಳಗೆ ಇಳಿದರೆ ಕಲ್ಲುಗಳ ಹಿಡಿತ ಬಿಡುತ್ತೆ. ಪ್ರತಿ ಮಳೆಗಾಲದಲ್ಲಿ ಜಿಲ್ಲೆಯಲ್ಲಿ ಬೀಳೋ ಮನೆಗಳಲ್ಲಿ ಮಣ್ಣಿನ ಗೋಡೆಯವೇ ಮುಂದಿರೋದು ಇದೇ ಕಾರಣಕ್ಕೆ. ಇಂಥ ಗೋಡೆ ಮೇಲೆ ಸ್ಲ್ಯಾಬ್ ಕೂರಿಸೋದು ಮನೆಯವರ ಜೀವದ ಪ್ರಶ್ನೆ.

ಬುನಾದಿ ನೋಡದೆ ಬಜೆಟ್ ಬರೆಯಬೇಡಿ

ದಾವಣಗೆರೆ ಸುತ್ತಮುತ್ತ ಕೆಲವು ಕಡೆ ಕೆಂಪು ಮಣ್ಣು, ಕೆಲವು ಕಡೆ ಎರೆ ಮಣ್ಣು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಕಡಿಮೆ ಆಳದ ಬುನಾದಿ ಅದರ ಜೊತೆಗೇ ಏರಿಳಿಯುತ್ತೆ. ಒಂದೇ ಓಣಿಯ ಎರಡು ಸೈಟಲ್ಲಿ ಮಣ್ಣು ಬೇರೆ ಇರಬಹುದು. ಪಕ್ಕದ ಮನೆಯವರು ಮಹಡಿ ಎತ್ತಿದರು ಅಂತ ನಾವೂ ಎತ್ತಬಹುದು ಅನ್ನೋ ಲೆಕ್ಕ ನಡೆಯಲ್ಲ.

ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆಗಳು ಇವೆ.

ಗುಂಡಿ ತೆಗೆದು ನೋಡೋದು: ಗೋಡೆಗೆ ತಾಗಿದಂತೆ ಮೂರಡಿ ಅಗಲದ ಗುಂಡಿಯನ್ನ ಎರಡು ಕಡೆ ತೆಗೆಸಿ. ಬುನಾದಿ ಎಷ್ಟು ಆಳಕ್ಕೆ ಹೋಗಿದೆ, ಕಲ್ಲು ಯಾವುದು, ಗಾರೆ ಯಾವುದು, ಕೆಳಗಿನ ಮಣ್ಣು ಯಾವುದು ಎಲ್ಲ ಕಣ್ಣಿಗೆ ಕಾಣುತ್ತೆ. ಒಂದು ದಿನದ ಕೂಲಿ ಅಷ್ಟೇ. ನೋಡಿದ ತಕ್ಷಣ ಮುಚ್ಚಿಸಬೇಕು, ಮಳೆಗಾಲದಲ್ಲಿ ತೆಗೆಸಬಾರದು.

ಬಿರುಕು ಓದೋದು: ಪ್ಲಾಸ್ಟರ್ ಮೇಲೆ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓಡೋ ಬಿರುಕು, ಮೇಲೆ ಅಗಲ ಕೆಳಗೆ ಸಣ್ಣ ಆಗೋ ಬಿರುಕು ಬುನಾದಿ ಕುಸಿದ ಸೂಚನೆ. ಬಿರುಕಿನ ಮೇಲೆ ಅಡ್ಡಲಾಗಿ ಸಣ್ಣ ಗಾಜಿನ ಚೂರು ಅಂಟಿಸಿ ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯೋಷ್ಟರಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಕದಲ್ತಿದೆ ಅಂತ ಅರ್ಥ.

ಮರ, ಕಂಬಿ ನೋಡೋದು: ತೊಲೆ, ಜಂತೆಗಳಿಗೆ ಗೆದ್ದಲು ಹಿಡಿದಿದೆಯಾ ಅಂತ ಉಳಿಯಿಂದ ತಟ್ಟಿ ನೋಡಿ. ಹಳೇ ಆರ್‌ಸಿಸಿ ಇದ್ದರೆ ಕೆಳಗಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣ್ತಿದೆಯಾ ನೋಡಿ. ಕಂಬಿ ಉಬ್ಬಿ ಕಾಂಕ್ರೀಟ್ ಒಡೆದಿದ್ದರೆ ಅದರ ಮೇಲೆ ಭಾರ ಹಾಕೋ ಮಾತೇ ಇಲ್ಲ.

ಇವೆಲ್ಲ ಆದ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರವಣಿಗೆಯಲ್ಲಿ ವರದಿ ತಗೊಳ್ಳಿ. ಪ್ಲಾನ್ ಬರೆಯೋರು ಬೇರೆ, ಭಾರದ ಲೆಕ್ಕ ಹಾಕೋರು ಬೇರೆ. ಯುಬಿಡಿಟಿ, ಬಿಐಇಟಿಯಂಥ ಕಾಲೇಜುಗಳಲ್ಲಿ ಸಿವಿಲ್ ವಿಭಾಗ ಇರೋ ಊರು ನಮ್ಮದು. ಎಂಜಿನಿಯರ್ ಹುಡುಕೋಕೆ ಬೆಂಗಳೂರಿಗೆ ಹೋಗಬೇಕಿಲ್ಲ.

ಇರೋದು ಮೂರು ದಾರಿ

ಒಂದು: ಹಳೇ ಮನೆ ಹಂಗೇ ಉಳಿಸಿ, ಪಕ್ಕದ ಅಥವಾ ಹಿಂದಿನ ಖಾಲಿ ಜಾಗದಲ್ಲಿ ಪ್ರತ್ಯೇಕ ಬುನಾದಿ, ಪ್ರತ್ಯೇಕ ಪಿಲ್ಲರ್ ಹಾಕಿ ಹೊಸ ಭಾಗ ಕಟ್ಟೋದು. ಬಂಗಲೆಗಳಿಗೆ ಸುತ್ತ ಜಾಗ ಇರೋದ್ರಿಂದ ಬಹಳ ಜನಕ್ಕೆ ಒಗ್ಗೋದು ಇದೇ. ಕೆಲಸ ನಡೀತಿರುವಾಗ ಹಳೇ ಮನೆಯಲ್ಲೇ ಇರಬಹುದು, ಬಾಡಿಗೆ ಮನೆ ಖರ್ಚು ಉಳಿಯುತ್ತೆ. ಒಂದೇ ಎಚ್ಚರಿಕೆ: ಹಳೇ ಗೋಡೆಗೆ ಹೊಸ ಗೋಡೆ ಕಚ್ಚಿಸಬಾರದು. ಹೊಸ ಬುನಾದಿ ಮೊದಲ ಒಂದೆರಡು ವರ್ಷ ಸ್ವಲ್ಪ ಕೂರುತ್ತೆ, ಹಳೇದು ಕೂತು ಮುಗಿದಿರುತ್ತೆ. ಎರಡನ್ನೂ ಬೆಸೆದರೆ ನಡುವೆ ಉದ್ದಕ್ಕೆ ಸೀಳು ಬರುತ್ತೆ. ಮಧ್ಯೆ ಸಂದು ಬಿಟ್ಟು, ಮಳೆನೀರು ಇಳಿಯದಂತೆ ಮೇಲೆ ಮುಚ್ಚಬೇಕು.

ಎರಡು: ಹಳೇ ಗೋಡೆ ನೆಚ್ಚಿಕೊಳ್ಳದೆ, ಮನೆಯ ಒಳಗೆ–ಹೊರಗೆ ಹೊಸ ಪಿಲ್ಲರ್ ಇಳಿಸಿ ಅದರ ಮೇಲೆ ಮಹಡಿ ನಿಲ್ಲಿಸೋದು. ಆಗುತ್ತೆ, ಆದರೆ ಮೂರರಲ್ಲಿ ಹೆಚ್ಚು ತಲೆನೋವಿನದ್ದು. ಹಳೇ ಬುನಾದಿ ಪಕ್ಕದಲ್ಲೇ ಆಳದ ಗುಂಡಿ ತೋಡುವಾಗ ಗೋಡೆ ಜರುಗೋ ಅಪಾಯ ಇದೆ. ಒಂದೊಂದೇ ಗುಂಡಿ ತೋಡಿ, ಕಾಂಕ್ರೀಟ್ ಹಾಕಿ, ಮುಚ್ಚಿ ಮುಂದಿನದಕ್ಕೆ ಹೋಗಬೇಕು. ಕೂಲಿ ಜಾಸ್ತಿ, ದಿನ ಜಾಸ್ತಿ.

ಮೂರು: ಪೂರ್ತಿ ಕೆಡವಿ ಹೊಸದಾಗಿ ಕಟ್ಟೋದು. ಗೋಡೆ ಹೋಗಿದೆ, ಬುನಾದಿ ಇಲ್ಲ ಅಂತ ವರದಿ ಬಂದರೆ ಇದೇ ಅಗ್ಗ. ಕೆಡವೋ ಮುಂಚೆ ಹಳೇ ಸಾಮಾನಿನ ಪಟ್ಟಿ ಮಾಡಿ: ತೇಗ, ಹೊನ್ನೆ, ಮತ್ತಿಯ ಬಾಗಿಲು–ಚೌಕಟ್ಟು, ತೊಲೆ, ಹೆಂಚು, ಸೈಜುಗಲ್ಲು, ಕಡಪಾ ಕಲ್ಲು, ಕಬ್ಬಿಣದ ಸರಳು. ಕೆಡವೋರು ಸಾಮಾನೆಲ್ಲ ನಮಗೇ ಬಿಡಿ ಅಂತ ಒಪ್ಪಂದಕ್ಕೆ ಬರ್ತಾರೆ. ಪಟ್ಟಿ ಇಲ್ಲದಿದ್ದರೆ ಎಷ್ಟು ಬಿಟ್ಟುಕೊಟ್ಟಿರಿ ಅನ್ನೋದೇ ಗೊತ್ತಾಗಲ್ಲ. ಕಲ್ಲು ಹೊಸ ಬುನಾದಿಗೆ, ಕಾಂಪೌಂಡಿಗೆ ಬರುತ್ತೆ. ಹಳೇ ತೇಗದ ಬಾಗಿಲು ಪಾಲಿಶ್ ಮಾಡಿಸಿದರೆ ಹೊಸ ಮನೆಯ ಹೆಬ್ಬಾಗಿಲಾಗುತ್ತೆ.

ಹಳೇ ಭಾಗ ಉಳಿಸೋರಿಗೆ ಇನ್ನೊಂದು ಮಾತು. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದರೆ ಗಟ್ಟಿ ಆಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಒಳಗಿನ ತೇವ ಹೊರಗೆ ಆರೋಕೆ ದಾರಿ ಸಿಗಲ್ಲ, ಕೆಲವೇ ವರ್ಷಕ್ಕೆ ಪ್ಲಾಸ್ಟರ್ ಹಪ್ಪಳದಂಗೆ ಏಳುತ್ತೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಸರಿ.

ಲೆಕ್ಕ: ಮೇಸ್ತ್ರಿ ಹೇಳಿದ ಮೊತ್ತಕ್ಕೆ ಇನ್ನೇನು ಸೇರಬೇಕು?

ಒಂದು ಉದಾಹರಣೆ ನೋಡೋಣ. ಇಲ್ಲಿನ ದರಗಳು ಲೆಕ್ಕದ ರೀತಿ ತೋರಿಸೋಕೆ ಹಿಡಿದವು, ಇವತ್ತಿನ ಮಾರುಕಟ್ಟೆ ದರ ಅಲ್ಲ. ನಿಮಗೆ ಸಿಕ್ಕ ಕೊಟೇಶನ್ ಹಾಕಿ ಇದೇ ರೀತಿ ಬರೆದುಕೊಳ್ಳಿ. 40–60 ಸೈಟು, 1,000 ಚದರಡಿ ಹಳೇ ಮನೆ, ಪಕ್ಕದಲ್ಲಿ 800 ಚದರಡಿ ಹೊಸ ಭಾಗ.

• ಹೊಸ ಭಾಗ, 800 ಚದರಡಿ, ಚದರಡಿಗೆ ₹1,900ರಂತೆ: ₹15.20 ಲಕ್ಷ
• ಹಳೇ ಮನೆ ದುರಸ್ತಿ, 1,000 ಚದರಡಿ, ಚದರಡಿಗೆ ₹350ರಂತೆ: ₹3.50 ಲಕ್ಷ
• ಪ್ಲಾನ್, ಸ್ಟ್ರಕ್ಚರಲ್ ವರದಿ, ಲೈಸೆನ್ಸ್, ಪತ್ರಗಳ ಖರ್ಚು: ₹75 ಸಾವಿರ
• ಸಾಮಾನು ಸಾಗಣೆ ₹16 ಸಾವಿರ, ಬಾಡಿಗೆ ಮನೆ 8 ತಿಂಗಳು ₹8 ಸಾವಿರದಂತೆ ₹64 ಸಾವಿರ: ₹80 ಸಾವಿರ
• ತಾತ್ಕಾಲಿಕ ಕರೆಂಟ್, ಟ್ಯಾಂಕರ್ ನೀರು: ₹40 ಸಾವಿರ
• ಇಲ್ಲಿವರೆಗೆ: ₹20.65 ಲಕ್ಷ
• ಅನಿರೀಕ್ಷಿತ ಖರ್ಚಿಗೆ ಶೇ 15: ₹3.10 ಲಕ್ಷ
• ಒಟ್ಟು: ₹23.75 ಲಕ್ಷ

ಮೇಸ್ತ್ರಿ ಬಾಯಲ್ಲಿ ಬಂದದ್ದು 15.20 ಲಕ್ಷ. ಕೈಯಿಂದ ಹೋಗೋದು 23.75 ಲಕ್ಷ. ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೇಸ್ತ್ರಿ ಸುಳ್ಳು ಹೇಳಿಲ್ಲ. ಅವರು ಹೇಳಿದ್ದು ಕಟ್ಟೋ ಖರ್ಚು ಮಾತ್ರ. ಉಳಿದದ್ದು ಮಾಲೀಕರ ಲೆಕ್ಕ. ಹಳೇ ಮನೆಯಲ್ಲೇ ಇದ್ದುಕೊಂಡು ಕೆಲಸ ಮಾಡಿಸಿದರೆ ಬಾಡಿಗೆ ಬಾಬ್ತು ತೆಗೆದುಬಿಡಬಹುದು.

ಶೇ 15 ಯಾಕೆ ಅಂದ್ರೆ ಹಳೇ ಮನೆಯಲ್ಲಿ ಪ್ಲಾಸ್ಟರ್ ಕೆತ್ತಿದ ಮೇಲೇ ಒಳಗೇನಿದೆ ಅಂತ ಗೊತ್ತಾಗೋದು. ಹಳೇ ವೈರಿಂಗ್ ಪೂರ್ತಿ ಬದಲಿಸಬೇಕಾಗುತ್ತೆ, ಪೈಪು ತೂತು ಬಿದ್ದಿರುತ್ತೆ, ಒಂದು ಜಂತೆ ಬದಲಿಸೋಕೆ ಹೋದರೆ ನಾಲ್ಕು ಕೊಳೆತಿರುತ್ತೆ. ಈ ದುಡ್ಡನ್ನ ಬೇರೆ ಖಾತೆಯಲ್ಲಿಡಿ. ಟೈಲ್ಸ್ ಅಂಗಡಿಯಲ್ಲಿ ಚಂದದ್ದು ಕಂಡಾಗ ತೆಗೆಯೋ ದುಡ್ಡಲ್ಲ ಅದು.

ದುಡ್ಡು ಸಾಲದೇ ಹೋದರೆ ಮೊದಲೇ ಹಂತ ಮಾಡಿಕೊಳ್ಳಿ. ಬುನಾದಿ, ಪಿಲ್ಲರ್, ಸ್ಲ್ಯಾಬ್, ಒಳಗೆ ಹೂತುಹೋಗೋ ಪೈಪು–ವೈರು ಇವುಗಳಲ್ಲಿ ಉಳಿತಾಯ ನೋಡಬೇಡಿ. ಪಿಒಪಿ, ವಾರ್ಡ್‌ರೋಬ್, ಮುಂಭಾಗದ ಅಲಂಕಾರ, ಕಾಂಪೌಂಡ್ ಗೇಟು ಎರಡು ವರ್ಷ ಬಿಟ್ಟು ಮಾಡಿದರೂ ಮನೆ ಬೀಳಲ್ಲ.

ಸಾಲ ಎಷ್ಟು, ಕಂತು ಎಷ್ಟು?

15 ಲಕ್ಷ ಸಾಲ, ಶೇ 9 ಬಡ್ಡಿ ಅಂತ ಇಟ್ಟುಕೊಳ್ಳಿ. 15 ವರ್ಷಕ್ಕೆ ತಿಂಗಳ ಕಂತು ಸುಮಾರು ₹15,214. 20 ವರ್ಷಕ್ಕೆ ಸುಮಾರು ₹13,496. ತಿಂಗಳಿಗೆ 1,700 ರೂಪಾಯಿ ಚಿಲ್ಲರೆ ಕಡಿಮೆ ಅಂತ 20 ವರ್ಷ ಆರಿಸಿಕೊಂಡರೆ ಒಟ್ಟು ಕಟ್ಟೋದು 27.4 ಲಕ್ಷದ ಬದಲು 32.4 ಲಕ್ಷ. ಐದು ಲಕ್ಷ ವ್ಯತ್ಯಾಸ. ವ್ಯಾಪಾರ ಏರುಪೇರು ಇರೋ ಅಂಗಡಿಯವರು ದೀರ್ಘ ಅವಧಿ ತಗೊಂಡು, ಹಬ್ಬದ ಸೀಸನ್‌ನಲ್ಲಿ ಕೈಗೆ ಬಂದಾಗ ಅಸಲಿಗೆ ಕಟ್ಟೋದು ಒಂದು ಉಪಾಯ. ಬದಲಾಗೋ ಬಡ್ಡಿದರದ ಗೃಹಸಾಲವನ್ನ ಮುಂಚೆ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಹಾಕುವಂತಿಲ್ಲ ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ.

ಬ್ಯಾಂಕ್ ಸಾಲ ಒಂದೇ ಸಲ ಕೈಗೆ ಕೊಡಲ್ಲ. ಬುನಾದಿ ಆದ ಮೇಲೆ ಒಂದಿಷ್ಟು, ಸ್ಲ್ಯಾಬ್ ಆದ ಮೇಲೆ ಒಂದಿಷ್ಟು ಹಂತ ಹಂತವಾಗಿ ಬಿಡುತ್ತೆ. ಮೊದಲು ನಿಮ್ಮ ಪಾಲಿನ ದುಡ್ಡು ಹಾಕಿ ಕೆಲಸ ತೋರಿಸಬೇಕು. ಬಿಡುಗಡೆಯಾದ ಹಣಕ್ಕೆ ಬಡ್ಡಿ ಆಗಿಂದಲೇ ಶುರು. ಬಾಡಿಗೆ ಮನೆಯಲ್ಲಿ ಇದ್ದರೆ ಬಾಡಿಗೆಯೂ ಬಡ್ಡಿಯೂ ಒಟ್ಟಿಗೆ ಬೀಳೋ ತಿಂಗಳುಗಳಿಗೆ ಮೊದಲೇ ತಯಾರಿರಬೇಕು.

ಆದಾಯ ತೆರಿಗೆ ಕಟ್ಟೋರು ಗಮನಿಸಬೇಕಾದ್ದು: ಹಳೇ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆ ಕಟ್ಟಲು ತೆಗೆದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಅದೇ ಸಾಲ ದುರಸ್ತಿ, ನವೀಕರಣಕ್ಕೆ ಅಂತಾದರೆ ಮಿತಿ 30 ಸಾವಿರ ಮಾತ್ರ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿ ಸಿಗಲ್ಲ. ಸಾಲದ ಮಂಜೂರಾತಿ ಪತ್ರದಲ್ಲಿ ಉದ್ದೇಶ ಏನು ಬರೆದಿದ್ದಾರೆ ಅಂತ ಸಹಿ ಹಾಕೋ ಮುಂಚೆ ಓದಿ, ನಿಮ್ಮ ಆಡಿಟರ್‌ಗೂ ತೋರಿಸಿ.

ಲೈಸೆನ್ಸ್ ಬಿಟ್ಟು ಕಟ್ಟಿದರೆ?

ಮನೆ ನಮ್ಮದೇ, ಮೇಲೆ ಕಟ್ಟೋಕೆ ಯಾರ ಅಪ್ಪಣೆ ಬೇಕು ಅನ್ನೋರಿದ್ದಾರೆ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ ಪ್ರಕಾರ ಹೊಸ ಕಟ್ಟಡಕ್ಕೂ, ಇರೋ ಕಟ್ಟಡ ವಿಸ್ತರಿಸೋಕೂ ಅನುಮತಿ ಬೇಕೇ ಬೇಕು. ಸೈಟಿನ ಅಳತೆ, ಮುಂದಿನ ರಸ್ತೆ ಅಗಲ ನೋಡಿ ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಎತ್ತರ ಕಟ್ಟಬಹುದು ಅಂತ ನಿಯಮ ಇದೆ. ಹಳೇ ಮನೆ ಗಡಿಗೆ ಅಂಟಿಕೊಂಡಿದ್ದರೂ ಹೊಸ ಭಾಗ ಇವತ್ತಿನ ನಿಯಮದಂತೆ ಇರಬೇಕು. ಅರ್ಧ ಕೆಡವಿ ಕಟ್ಟೋದಾ, ಪೂರ್ತಿ ಕೆಡವಿ ಕಟ್ಟೋದಾ ಅನ್ನೋ ತೀರ್ಮಾನ ಎಷ್ಟೋ ಸಲ ಇಲ್ಲೇ ಆಗುತ್ತೆ: ಪೂರ್ತಿ ಕೆಡವಿದರೆ ನಾಲ್ಕೂ ಕಡೆ ಜಾಗ ಬಿಡಬೇಕಾಗಿ, ಹಳೇದಕ್ಕಿಂತ ಕೆಳಮನೆ ಚಿಕ್ಕದಾಗಬಹುದು. ಕೆಡವೋ ಮುಂಚೆಯೇ ಈ ಗೆರೆ ಎಳೆಸಿ ನೋಡಿ.

ಮುಂದೆ ಮಳಿಗೆ ಬರೋದಿದ್ದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ರಸ್ತೆ ಯಾವ ವಲಯದಲ್ಲಿದೆ ಅಂತ ಕೇಳಿ ತಿಳಿದುಕೊಳ್ಳಿ. ಮಳಿಗೆಗೆ ವಾಣಿಜ್ಯ ಮೀಟರ್ ಬೇರೆ, ಆಸ್ತಿ ತೆರಿಗೆ ದರವೂ ಬೇರೆ. ಬಾಡಿಗೆ ಲೆಕ್ಕ ಹಾಕುವಾಗ ಇದನ್ನ ಕಳೆದು ನೋಡಬೇಕು.

ಕರೆಂಟ್ ವಿಷಯ ಈಗ ಮೊದಲಿನಂಗಿಲ್ಲ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಸ್ವಾಧೀನ ಪತ್ರ ಇಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಆದೇಶಿಸಿದೆ. ಸಣ್ಣ ಮನೆಗಳಿಗೆ ಯಾವ ಸಡಿಲಿಕೆ ಜಾರಿಯಲ್ಲಿದೆ ಅನ್ನೋದನ್ನ ಬೆಸ್ಕಾಂ ಉಪವಿಭಾಗದಲ್ಲಿ ಕೇಳಿ ಬರವಣಿಗೆಯಲ್ಲಿ ತಗೊಂಡು ಮುಂದುವರಿಯಿರಿ. ಮೇಲಿನ ಮನೆ ಬಾಡಿಗೆಗೆ ಬಿಡೋ ಯೋಜನೆ ಇದ್ದರೆ ಇದು ನೇರ ಹೊಡೆತ: ಪ್ರತ್ಯೇಕ ಮೀಟರ್ ಸಿಗದಿದ್ದರೆ ಇಬ್ಬರ ಬಳಕೆಯೂ ಒಂದೇ ಮೀಟರಲ್ಲಿ ಸೇರುತ್ತೆ, ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಲಾಭ ತಪ್ಪಿ ಪೂರ್ತಿ ಬಿಲ್ ಕಟ್ಟಬೇಕು. ಹಾಗೇ ಕಟ್ಟಡ ಕೆಲಸಕ್ಕೆ ಮನೆ ಮೀಟರಿಂದ ವೈರ್ ಎಳೆದರೆ ದಂಡ ಬೀಳುತ್ತೆ, ತಾತ್ಕಾಲಿಕ ಸಂಪರ್ಕವೇ ತಗೊಳ್ಳಬೇಕು.

ಲೈಸೆನ್ಸ್ ಜೊತೆ ಕಾರ್ಮಿಕ ಸೆಸ್ ಅಂತ ನಿರ್ಮಾಣ ವೆಚ್ಚದ ಶೇ 1 ಇದೆ. ಸ್ವಂತ ವಾಸದ ಮನೆಗೆ ಒಂದು ಮಿತಿವರೆಗೆ ವಿನಾಯಿತಿ ಇರೋದ್ರಿಂದ ಈಗಿನ ಮಿತಿ ಕೇಳಿಕೊಂಡು ಕಟ್ಟಿ.

ಗುತ್ತಿಗೆ ಮಾತು, ಬಟವಾಡೆ

ಕೂಲಿ ಗುತ್ತಿಗೆ ಅಂದ್ರೆ ಸಾಮಾನು ನಿಮ್ಮದು, ಕೆಲಸ ಅವರದ್ದು. ಪೂರ್ತಿ ಗುತ್ತಿಗೆ ಅಂದ್ರೆ ಎರಡೂ ಅವರದ್ದು. ದಿನಾ ನಿಂತು ನೋಡೋಕೆ ಮನೆಯಲ್ಲಿ ಯಾರಾದ್ರೂ ಇದ್ದರೆ ಕೂಲಿ ಗುತ್ತಿಗೆಯಲ್ಲಿ ಉಳಿತಾಯ ಇದೆ. ಅಂಗಡಿ ಬಿಟ್ಟು ಬರೋಕಾಗದವರಿಗೆ ಪೂರ್ತಿ ಗುತ್ತಿಗೆಯೇ ವಾಸಿ, ಆದರೆ ಸಿಮೆಂಟ್, ಕಂಬಿ, ವೈರು, ಪೈಪು, ಟೈಲ್ಸ್ ಯಾವ ಬ್ರ್ಯಾಂಡ್, ಯಾವ ದರದ್ದು ಅಂತ ಬರೆಸಿಕೊಳ್ಳಬೇಕು.

ಜಗಳ ಬರೋದು ಚದರದ ದರಕ್ಕಲ್ಲ, ಅದರೊಳಗೆ ಏನು ಸೇರಿಲ್ಲ ಅನ್ನೋದಕ್ಕೆ. ಸಂಪು, ಪ್ಯಾರಾಪೆಟ್, ಸಜ್ಜೆ, ಮೆಟ್ಟಿಲು, ಅಟ್ಟ, ಕಾಂಪೌಂಡ್, ಹಳೇ ಗೋಡೆ ಒಡೆಯೋ ಕೂಲಿ, ಕಸ ಸಾಗಿಸೋ ಟ್ರ್ಯಾಕ್ಟರ್ ಬಾಡಿಗೆ ಒಳಗಾ ಹೊರಗಾ? ಬಾಲ್ಕನಿಯನ್ನ ಪೂರ್ತಿ ಅಳತೆಗೆ ಹಿಡಿತಾರಾ, ಅರ್ಧಕ್ಕಾ? ಒಂದೊಂದೇ ಬರೆದು ಇಬ್ಬರೂ ಸಹಿ ಹಾಕಿ.

ಶನಿವಾರದ ಬಟವಾಡೆ ಕೊಡುವಾಗ ಮಾಡಿದ ಕೆಲಸಕ್ಕಿಂತ ದುಡ್ಡು ಮುಂದೆ ಹೋಗದಂತೆ ನೋಡಿಕೊಳ್ಳಿ. ಹಬ್ಬಕ್ಕೆ ಅಂತ ದೊಡ್ಡ ಮುಂಗಡ ಹೋದರೆ ಕೆಲಸದವರು ಇನ್ನೊಂದು ಸೈಟಿಗೆ ಹೋಗೋದು ಹೊಸದೇನಲ್ಲ. ಕೊನೆಯ ಶೇ 5ರಿಂದ 10ರಷ್ಟನ್ನ ಒಂದು ಮಳೆಗಾಲ ಕಳೆದ ಮೇಲೆ ಕೊಡ್ತೀವಿ ಅಂತ ಮೊದಲೇ ಮಾತಾಡಿ. ಸೋರುತ್ತೋ ಇಲ್ವೋ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಸಾಮಾನು ತರುವಾಗ

ಕಂಬಿ ಲೆಕ್ಕ ಸುಲಭ. ಮಿಲಿಮೀಟರಲ್ಲಿರೋ ದಪ್ಪವನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿಯಲ್ಲಿ ಸಿಗುತ್ತೆ. 12 ಮೀಟರ್ ಉದ್ದದ 8 ಎಂಎಂ ಕಂಬಿ ಸುಮಾರು 4.7 ಕೆ.ಜಿ, 10 ಎಂಎಂ 7.4 ಕೆ.ಜಿ, 12 ಎಂಎಂ 10.7 ಕೆ.ಜಿ. ಇಳಿಸಿದ ಕಂಬಿ ಎಣಿಸಿ ಗುಣಿಸಿದರೆ ಬಿಲ್ಲಿನ ತೂಕ ಸರಿ ಇದೆಯಾ ಅಂತ ನಿಂತಲ್ಲೇ ಗೊತ್ತಾಗುತ್ತೆ. ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ, ದೊಡ್ಡ ವ್ಯತ್ಯಾಸ ಇದ್ದರೆ ಅಂಗಡಿಯಲ್ಲಿ ಕೇಳಿ.

ಐದು ಇಂಚಿನ ಸಾವಿರ ಚದರಡಿ ಸ್ಲ್ಯಾಬ್‌ಗೆ ಸುಮಾರು 417 ಘನ ಅಡಿ ಕಾಂಕ್ರೀಟ್ ಬೇಕು. ಒಂದು–ಒಂದೂವರೆ–ಮೂರರ ಮಿಶ್ರಣದಲ್ಲಿ ಹೆಚ್ಚುಕಡಿಮೆ 95 ಮೂಟೆ ಸಿಮೆಂಟ್. ಬೀಮ್‌ಗಳದ್ದು ಬೇರೆ. ಸಿಮೆಂಟ್ ಮೂಟೆ ಮೇಲೆ ತಯಾರಾದ ವಾರ, ವರ್ಷ ಮುದ್ರಿಸಿರ್ತಾರೆ, ಮೂರು ತಿಂಗಳು ಮೀರಿದ್ದು ತರಬೇಡಿ. ಕಾಂಕ್ರೀಟಿಗೆ ಎಂ-ಸ್ಯಾಂಡ್, ಪ್ಲಾಸ್ಟರ್‌ಗೆ ಪಿ-ಸ್ಯಾಂಡ್. ಕ್ರಷರ್ ಪುಡಿಯನ್ನ ಎಂ-ಸ್ಯಾಂಡ್ ಅಂತ ಕೊಟ್ಟರೆ ಕೈಯಲ್ಲಿ ಉಜ್ಜಿದಾಗ ಹಿಟ್ಟಿನಂಗೆ ಅಂಟುತ್ತೆ.

ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೇ ಎಸ್ಟಿಮೇಟ್ ಇಟ್ಟುಕೊಂಡಿರೋರು ಹೊಸ ದರಕ್ಕೆ ತಿದ್ದಿಸಿಕೊಳ್ಳಿ. ಬಿಲ್ ಬೇಡ ಅಂದ್ರೆ ಕಡಿಮೆ ಆಗುತ್ತೆ ಅನ್ನೋ ಆಸೆಗೆ ಬೀಳಬೇಡಿ. ಬ್ಯಾಂಕಿಗೆ ಬಿಲ್ ಬೇಕು. ಮುಂದೆ ಯಾವತ್ತೋ ಮನೆ ಮಾರಿದರೆ ಲಾಭದ ಮೇಲಿನ ತೆರಿಗೆ ಲೆಕ್ಕದಲ್ಲಿ ಈ ಖರ್ಚು ತೋರಿಸೋಕೂ ಬಿಲ್ಲೇ ಸಾಕ್ಷಿ.

ಸ್ಲ್ಯಾಬ್ ಹಾಕಿದ ಮೇಲೆ ಆತುರ ಬೇಡ. ಐಎಸ್ 456 ಪ್ರಕಾರ 15 ಅಡಿವರೆಗಿನ ಸ್ಲ್ಯಾಬ್‌ಗೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಆಧಾರ ತೆಗೆಯುವಂತಿಲ್ಲ. ಬೀಮ್‌ಗೆ 20 ಅಡಿವರೆಗೆ 14 ದಿನ, ಮೇಲ್ಪಟ್ಟರೆ 21 ದಿನ. ಸೆಂಟ್ರಿಂಗ್ ಸಾಮಾನಿಗೆ ದಿನದ ಬಾಡಿಗೆ ಏರುತ್ತೆ ಅಂತ ಬೇಗ ಬಿಚ್ಚಿಸೋದು ಬೇಡ. ಈಗ ಹೆಚ್ಚು ಸಿಗೋದು ಪಿಪಿಸಿಯಂಥ ಮಿಶ್ರ ಸಿಮೆಂಟ್; ಅದಕ್ಕೆ ನೀರು ಕನಿಷ್ಠ 10 ದಿನ, ಬಿಸಿಲು ಜೋರಿದ್ದರೆ 14 ದಿನ ಹಾಕಬೇಕು.

ಯಾವಾಗ ಶುರು ಮಾಡೋದು?

ಹೆಂಚು ಇಳಿಸೋ ಕೆಲಸ, ಬುನಾದಿ ತೋಡೋ ಕೆಲಸ ಮಳೆಗಾಲದಲ್ಲಿ ಬೇಡವೇ ಬೇಡ. ಹೆಂಚು ಇಳಿಸಿದ ಮಣ್ಣಿನ ಗೋಡೆ ಒಂದು ಜೋರು ಮಳೆ ತಡೆಯಲ್ಲ. ದೀಪಾವಳಿ ಕಳೆದ ಮೇಲೆ ಬುನಾದಿ ಹಿಡಿದರೆ ಬೇಸಿಗೆ ನೀರಿನ ತೊಂದರೆ ಶುರುವಾಗೋ ಮೊದಲೇ ಸ್ಲ್ಯಾಬ್ ಆಗುತ್ತೆ, ಮುಂಗಾರಿಗೆ ಮುಂಚೆ ಹೊರಗಿನ ಪ್ಲಾಸ್ಟರ್ ಮುಗಿಯುತ್ತೆ. ಭತ್ತದ ನಾಟಿ, ಕಟಾವಿನ ವಾರಗಳಲ್ಲಿ ಹಳ್ಳಿಯಿಂದ ಬರೋ ಕೂಲಿಯವರು ಕಡಿಮೆ, ಧನುರ್ಮಾಸದಲ್ಲಿ ಪೂಜೆ ಮಾಡಲ್ಲ ಅನ್ನೋ ಮನೆಗಳೂ ಇವೆ. ಈ ದಿನಗಳನ್ನ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಪತ್ರ, ಪರೀಕ್ಷೆ, ಪ್ಲಾನ್, ಸಾಲದ ಕೆಲಸಕ್ಕೆ ಮಳೆಗಾಲವೇ ಸರಿಯಾದ ಸಮಯ.

ಪೂಜೆಗೆ ಮುಂಚೆ ಕೈಯಲ್ಲಿ ಇರಬೇಕಾದ್ದು

1. ವಾರಸುದಾರರೆಲ್ಲರ ಸಹಿ ಇರೋ ನೋಂದಾಯಿತ ಪತ್ರ, ನಿಮ್ಮ ಹೆಸರಿನ ಇ-ಖಾತೆ, ಈ ವರ್ಷದ ಕಂದಾಯ ರಸೀದಿ
2. ಬುನಾದಿ ಗುಂಡಿ ತೆಗೆಸಿ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ವರದಿ
3. ಪಾಲಿಕೆಯಿಂದ ಮಂಜೂರಾದ ಪ್ಲಾನ್, ಲೈಸೆನ್ಸ್
4. ಕನಿಷ್ಠ ಮೂರು ಜನರಿಂದ ಒಂದೇ ಪಟ್ಟಿಗೆ ತಗೊಂಡ ಕೊಟೇಶನ್
5. ಒಳಗೇನು, ಹೊರಗೇನು ಅಂತ ಬರೆದ ಗುತ್ತಿಗೆ ಪತ್ರ
6. ಬ್ಯಾಂಕ್ ಮಂಜೂರಾತಿ ಪತ್ರ, ಯಾವ ಹಂತಕ್ಕೆ ಎಷ್ಟು ಅನ್ನೋ ವಿವರ
7. ಬೇರೆ ಖಾತೆಯಲ್ಲಿಟ್ಟ ಶೇ 15 ಹಣ

ಏಳರಲ್ಲಿ ಮೊದಲ ಎರಡು ಇಲ್ಲದಿದ್ದರೆ ಉಳಿದ ಐದಕ್ಕೆ ಬೆಲೆ ಇಲ್ಲ. ಎಂಜಿನಿಯರ್ "ಈ ಗೋಡೆ ಮೇಲೆ ಬೇಡ" ಅಂತ ಬರೆದುಕೊಟ್ಟರೆ ಬೇಜಾರಾಗಬಹುದು. ವರದಿಗೆ ಕೊಟ್ಟ ಫೀಸು ದಂಡ ಆಯ್ತು ಅಂತಲೂ ಅನ್ನಿಸಬಹುದು. ಆದರೆ ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿಗೆ ಸಿಗೋ ಉಳಿತಾಯ ಅದೇ. ಆಗ ಪಕ್ಕದ ಖಾಲಿ ಜಾಗದಲ್ಲಿ ಕಟ್ಟೋದು, ಇಲ್ಲವೇ ಕೆಡವಿ ಕಟ್ಟೋದು, ಎರಡರ ಲೆಕ್ಕವನ್ನೂ ಅಕ್ಕಪಕ್ಕ ಬರೆದು ಮನೆಯವರೆಲ್ಲ ಕೂತು ತೀರ್ಮಾನ ಮಾಡಬಹುದು.